ಗೋಡೆಗೆ ಮುಖ ಮಾಡಿದ ಕುಂಕುಮ

ಇದನ್ನು ಹೇಳಬೇಕೆಂದು ಆರು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಮೊದಲು ಕಣ್ಣಿನ ಆಪರೇಷನ್ ನೆಪವಾಯಿತು, ಆಮೇಲೆ ಊರಿಗೆಲ್ಲ ಬಂದ ಕಾಯಿಲೆ ನೆಪವಾಯಿತು. ಆಮೇಲೆ ನೆಪವೂ ಇಲ್ಲದೆ ಸುಮ್ಮನೆ ಮುಂದಕ್ಕೆ ಹಾಕಿದೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಹೊಸ ತಿಪ್ಪಸಂದ್ರದ ಪಕ್ಕದ ದೊಡ್ಡ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದವನು. ಸ್ಪ್ಯಾನರು, ಡ್ರಿಲ್ಲು, ಬೇರಿಂಗು ಎತ್ತಿ ಕೊಡುವುದು, ವಾಪಸ್ ಇಸಿದುಕೊಳ್ಳುವುದು, ಇಷ್ಟೇ ನನ್ನ ಕೆಲಸ. ಆದರೆ ಅಷ್ಟು ವರ್ಷ ಯಂತ್ರದವರ ಜೊತೆ ಮಾತಾಡಿ ಮಾತಾಡಿ, ನನಗೂ ಯಂತ್ರ ಗೊತ್ತು ಅಂತ ನನಗೇ ನಂಬಿಕೆ ಬಂದುಬಿಟ್ಟಿತ್ತು. ತಪ್ಪು ಅಲ್ಲಿಂದ ಶುರುವಾಯಿತು.

ಕಾರು ನನ್ನ ಅಣ್ಣನದು. ಇಂಗ್ಲೆಂಡಿನಲ್ಲಿ ತಯಾರಾದ, ಆಮೆಯ ಹಾಗೆ ಬೆನ್ನು ಉಬ್ಬಿದ ಸಣ್ಣ ಕಾರು. ದಂಡು ಪ್ರದೇಶದ ಒಬ್ಬ ವಯಸ್ಸಾದ ಇಂಗ್ಲಿಷ್ ದೊರೆ ದೇಶ ಬಿಟ್ಟು ಹೊರಟಾಗ ಅಣ್ಣ ಅದನ್ನು ಕೊಂಡಿದ್ದ. ಹಲಸೂರಿನ ನಮ್ಮ ಹಳೆಯ ಮನೆಯ ಹಿಂದೆ, ನಾವು ಹೊಲ ಮಾಡುತ್ತಿದ್ದ ಕಾಲದಲ್ಲಿ ಹಸು ಕಟ್ಟುತ್ತಿದ್ದ ಕೊಟ್ಟಿಗೆಯೇ ಅದರ ಶೆಡ್ಡು. ಅತ್ತಿಗೆ ಕೆ.ಆರ್. ಪುರಂ ಹಾದಿಯ ಟೆಲಿಫೋನ್ ಕಾರ್ಖಾನೆಯಲ್ಲಿ ವೈರಿಂಗ್ ಸೆಕ್ಷನ್ನಿನಲ್ಲಿದ್ದರು. ಎಷ್ಟೋ ಬೆಳಿಗ್ಗೆ ಅಣ್ಣ ಅವರನ್ನು ಆ ಕಾರಿನಲ್ಲಿ ಗೇಟಿನವರೆಗೆ ಬಿಟ್ಟು ಬರುತ್ತಿದ್ದ. ಬೇರೆ ಹೆಂಗಸರು ಫ್ಯಾಕ್ಟರಿ ಬಸ್ಸಿನಿಂದ ಇಳಿಯುವಾಗ ಇವರು ಕಾರಿನಿಂದ ಇಳಿಯುತ್ತಿದ್ದರು. ಅದಕ್ಕೆ ಗೆಳತಿಯರು ಅವರನ್ನು ‘ಮೇಡಮ್ಮು’ ಅಂತಲೇ ರೇಗಿಸುತ್ತಿದ್ದರು.

ಅಣ್ಣ ಹೋದ ಮೇಲೆ ಕಾರು ಕೊಟ್ಟಿಗೆಯಲ್ಲೇ ನಿಂತಿತು. ನಾನು ರಿಟೈರಾದ ಮೇಲೆ ಅದನ್ನು ಎಬ್ಬಿಸುವ ಹುಚ್ಚು ಹಿಡಿಯಿತು. ಇಂಜಿನ್ ಕೆಲಸ, ಬ್ರೇಕು, ಬಣ್ಣ ಎಲ್ಲ ಒಂದೊಂದಾಗಿ ಆಯಿತು. ವೈರಿಂಗ್ ಮಾತ್ರ ಪೂರ್ತಿ ಹೋಗಿತ್ತು. ಬಟ್ಟೆ ಸುತ್ತಿದ ಹಳೆಯ ವೈರುಗಳನ್ನು ಇಲಿ ತಿಂದಿದ್ದವು. ಶಿವಾಜಿನಗರದಲ್ಲಿ ಒಬ್ಬ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಇದ್ದರು. ಎಲ್ಲರೂ ಚಾಚಾ ಅಂತಲೇ ಕರೆಯುತ್ತಿದ್ದರು. ಅಂಗಡಿ ಅಂದರೆ ಎರಡು ಬಾಗಿಲಗಲ, ಒಳಗೆ ನೆಲದಿಂದ ಸೂರಿನವರೆಗೆ ಬಿಚ್ಚಿಟ್ಟ ಡೈನಮೋಗಳು. ಅವರು ಹೇಳಿದರು: “ಈ ಗಾಡೀದು ರೆಡಿ ವೈರಿಂಗ್ ಸಿಗಲ್ಲ ಸಾಬ್. ನಾನು ಟೇಪ್ ಸುತ್ತಿ ಮಾಡಿ ಕೊಡ್ತೀನಿ. ನೋಡಕ್ಕೆ ಚೆಂದ ಇರಲ್ಲ, ಕೆಲಸ ಮಾಡುತ್ತೆ.”

ಹಲಸೂರಿನ ಮನೆಗೆ ಬಂದು ಹೇಳಿದರೆ ಅತ್ತಿಗೆ ಸೊಪ್ಪು ಬಿಡಿಸುತ್ತಾ ಕೂತಿದ್ದವರು ತಲೆ ಎತ್ತಿ, “ಟೇಪ್ ಯಾಕೋ? ನಾನು ಕಟ್ತೀನಿ,” ಅಂದರು.

ನಾನು ನಕ್ಕೆ. ಅವರು ನಗಲಿಲ್ಲ.

ಮೂರೂವರೆ ತಿಂಗಳು ಹಿಡಿಯಿತು. ಒಂದು ಉದ್ದನೆ ಪ್ಲೈವುಡ್ ಹಲಗೆ ತರಿಸಿದರು. ಹಳೆಯ ವೈರಿನ ಕಟ್ಟನ್ನು ಅದರ ಮೇಲೆ ಹರಡಿ, ಪೆನ್ಸಿಲ್ಲಿನಲ್ಲಿ ದಾರಿ ಗುರುತು ಹಾಕಿ, ತಿರುವು ಬಂದಲ್ಲೆಲ್ಲ ಮೊಳೆ ಹೊಡೆದರು. ಮೊಳೆಗಳ ನಡುವೆ ಹೊಸ ವೈರುಗಳನ್ನು ಒಂದೊಂದಾಗಿ ಹಾಯಿಸಿ, ಮೇಣ ಹಚ್ಚಿದ ದಾರದಿಂದ ಬೆರಳಿನಗಲಕ್ಕೊಂದು ಗಂಟು ಹಾಕುತ್ತಾ ಹೋದರು. ಟೆಲಿಫೋನ್ ಎಕ್ಸ್‌ಚೇಂಜಿನ ಕಪಾಟುಗಳಿಗೆ ಅವರು ಜೀವನವೆಲ್ಲ ಕಟ್ಟಿದ್ದು ಹೀಗೇ. ಅವರ ಕೈಯಿಂದ ಹೋದ ಕಟ್ಟು ಇನ್‌ಸ್ಪೆಕ್ಷನ್ನಿನಿಂದ ಒಂದು ಸಲವೂ ವಾಪಸ್ ಬಂದಿಲ್ಲ ಅನ್ನುವುದು ಅವರ ಒಂದೇ ಒಂದು ಜಂಬ. ಒಡವೆಯ ಬಗ್ಗೆಯೂ ಅವರು ಅಷ್ಟು ಜಂಬದಿಂದ ಮಾತಾಡಿದ್ದು ನಾನು ಕೇಳಿಲ್ಲ. ಪ್ರತಿ ವೈರಿನ ತುದಿಗೂ ರಟ್ಟಿನ ಚೀಟಿ ಕಟ್ಟಿ, ಇದು ಕಾಯಿಲ್‌ಗೆ, ಇದು ಡಿಸ್ಟ್ರಿಬ್ಯೂಟರಿಗೆ, ಇದು ಹಾರ್ನಿಗೆ ಅಂತ ದುಂಡಗೆ ಬರೆದಿದ್ದರು. ಕಣ್ಣು ಮಂಜಾಗುವವರೆಗೆ ಕೂತು ಕಟ್ಟಿದ ಮೇಲೆ ಹಲಗೆಯಿಂದ ಎತ್ತಿದಾಗ, ಅದು ಹೂವಿನ ದಂಡೆಯ ಹಾಗೆ ಇತ್ತು.

“ಇದು ಮುಗಿದ್ರೆ ನನ್ನನ್ನ ಒಂದು ಸಲ ಫ್ಯಾಕ್ಟರಿ ಗೇಟ್‌ವರೆಗೆ ಕರ್ಕೊಂಡ್ಹೋಗ್ಬೇಕು ಕಣಪ್ಪಾ. ಅಷ್ಟೇ ನನಗೆ,” ಅಂದಿದ್ದರು.

ಒಂದು ದಿನ ಅವರು ಹಳೆಯ ಕಟ್ಟನ್ನು ನೋಡುತ್ತಾ, “ಈ ಗಾಡೀಲಿ ಬ್ಯಾಟರಿಯ ಪ್ಲಸ್ಸು ಬಾಡಿ ಕಡೆ ಹೋಗುತ್ತೆ, ನೋಡು,” ಅಂದರು.

“ಏನತ್ತಿಗೆ ನೀವು! ಮೈನಸ್ ತಾನೇ ಬಾಡಿಗೆ ಕೊಡೋದು? ಸ್ಕೂಟರ್ ಇರೋರಿಗೂ ಗೊತ್ತು ಅದು.”

“ಈಗಿನ ಗಾಡಿಗಳಿಗೆ ಇರ್ಬಹುದು. ನಮ್ಮ ಎಕ್ಸ್‌ಚೇಂಜಲ್ಲಿ ಪ್ಲಸ್ಸನ್ನೇ ಭೂಮಿಗೆ ಕೊಡ್ತಿದ್ದಿದ್ದು. ಇದೂ ಅದೇ ಥರ ಇದೆ. ಹಳೇ ಕಾಲದೋರು ಹಾಗೇ ಮಾಡ್ತಿದ್ರು.”

“ಟೆಲಿಫೋನ್ ಬೇರೆ, ಕಾರು ಬೇರೆ ಅತ್ತಿಗೆ. ಇದಕ್ಕೇನು ಹಲೋ ಅನ್ನಬೇಕಾ?”

ಅವರೂ ನಕ್ಕುಬಿಟ್ಟರು. “ಸರಿ, ಆ ಚಾಚಾನ ಒಂದ್ಮಾತು ಕೇಳು,” ಅಂದರು.

ನಾನು ಕೇಳಲಿಲ್ಲ. ಕೇಳಿದರೆ ಗೊತ್ತಿಲ್ಲ ಅಂತ ಆಗುತ್ತಲ್ಲ! ಡೈನಮೋ ರಿಪೇರಿ ಮಾಡಿ ಕೊಡುವಾಗ ಚಾಚಾ, “ಹಳೇ ಗಾಡಿ, ಹಳೇ ಥರಾನೇ ಕರೆಂಟ್ ಕೊಟ್ಟು ಇಟ್ಟಿದ್ದೀನಿ ಸಾಬ್,” ಅಂದಿದ್ದರು. ಹಳೇ ಥರ ಅಂದರೆ ಏನು ಅಂತ ನಾನು ವಿಚಾರಿಸದೆ, ಎಲ್ಲ ಗೊತ್ತಿರುವವನ ಹಾಗೆ ತಲೆಯಾಡಿಸಿ ಎತ್ತಿಕೊಂಡು ಬಂದೆ.

ಆಯುಧ ಪೂಜೆಯ ದಿನ ಕಾರು ಸ್ಟಾರ್ಟ್ ಮಾಡುವುದು ಅಂತ ಗೊತ್ತುಮಾಡಿದೆವು. ಅತ್ತಿಗೆ ತಮ್ಮ ಸೆಕ್ಷನ್ನಿನ ಮೂವರು ಹಳೆಯ ಗೆಳತಿಯರನ್ನು ಕರೆದಿದ್ದರು. ನಮ್ಮ ನೆಂಟರೂ ಬಂದಿದ್ದರು. ನಾನು ಯಾರೂ ಬರುವ ಮೊದಲೇ ಹೋಗಿ, ಹೊಸ ಬ್ಯಾಟರಿಯನ್ನು ನಾನೇ ಕೂರಿಸಿದೆ. ಮೈನಸ್ಸಿಗೆ ಬಾಡಿಯ ಪಟ್ಟಿ, ಅಂದರೆ ಬ್ಯಾಟರಿಯನ್ನು ಕಾರಿನ ತಗಡಿಗೆ ಜೋಡಿಸುವ ತಂತಿಪಟ್ಟಿ, ಹಾಕಲು ಹೋದರೆ ಪಟ್ಟಿ ಎಟುಕಲಿಲ್ಲ. ಆ ಪಟ್ಟಿ ಪ್ಲಸ್ ಇರುವ ಕಡೆಗೇ ಅಳತೆ ಮಾಡಿದಂತಿತ್ತು. ಬುದ್ಧಿ ಇದ್ದವನಿಗೆ ಅಷ್ಟು ಸಾಕಾಗಿತ್ತು. ನಾನು ಬ್ಯಾಟರಿಯನ್ನೇ ಹಿಂದುಮುಂದಾಗಿ ತಿರುಗಿಸಿಟ್ಟೆ. ಆಗ ಎಟುಕಿತು.

ನನ್ನ ಹೆಂಡತಿ ಬಾನೆಟ್ ಎತ್ತಿಸಿ, ಬ್ಯಾಟರಿಯ ಎದುರಿನ ಮುಖಕ್ಕೆ ವಿಭೂತಿ ಪಟ್ಟೆ ಎಳೆದು ದೊಡ್ಡದಾಗಿ ಕುಂಕುಮ ಇಟ್ಟಳು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಾಯಿತು, ಬೂದುಗುಂಬಳಕಾಯಿ ಒಡೆದಾಯಿತು. ಅತ್ತಿಗೆಯ ಗೆಳತಿಯರು ಬಾನೆಟ್ಟಿನೊಳಗೆ ಬಗ್ಗಿ ಗಂಟುಗಳನ್ನೇ ನೋಡುತ್ತಿದ್ದರು.

“ಏನೇ ಮೇಡಮ್ಮು, ಇನ್ನೂ ಕೈ ಹಾಗೇ ಇದೆಯಲ್ಲೇ!”

“ರಿಜೆಕ್ಟ್ ಆಗಲ್ಲ ತಾನೇ?”

“ನಂದು ಯಾವತ್ತಾದ್ರೂ ಆಗಿತ್ತೇನೇ?” ಅಂದರು ಅತ್ತಿಗೆ. ಅವರ ಮುಖ ಅವತ್ತು ಎಷ್ಟು ಗೆಲುವಾಗಿತ್ತೆಂದರೆ, ನನಗೆ ಒಂದು ಕ್ಷಣ ಹೊಟ್ಟೆಕಿಚ್ಚಾಯಿತು. ಕಾರು ಎಬ್ಬಿಸಿದವನು ನಾನು, ನೋಡುತ್ತಿರುವುದು ಅವರ ದಾರದ ಗಂಟು. ಇದನ್ನೂ ಹೇಳಿಬಿಡುತ್ತೇನೆ.

ಇಂಜಿನ್ ಸ್ಟಾರ್ಟ್ ಆಯಿತು. ಅದೇ ನನ್ನ ದುರದೃಷ್ಟ. ಬ್ಯಾಟರಿ ಉಲ್ಟಾ ಕೊಟ್ಟರೂ ಇಂಥ ಗಾಡಿ ಸ್ಟಾರ್ಟ್ ಆಗುತ್ತದೆ ಅಂತ ನನಗೆ ಆಮೇಲೆ ಗೊತ್ತಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಕರೆಂಟ್ ತೋರಿಸುವ ಮುಳ್ಳು ಉಲ್ಟಾ ಕಡೆಗೆ ವಾಲಿದ್ದು ಕಂಡಿತು. ಹಳೇ ಮೀಟರು ಅಂದುಕೊಂಡೆ. ನಿಂಬೆಹಣ್ಣು ಅಪ್ಪಚ್ಚಿಯಾಗುವ ಹಾಗೆ ಹತ್ತು ಹೆಜ್ಜೆ ಮುಂದೆ ಹೋಗಿ, ಜಂಬಕ್ಕೆ ಆಕ್ಸಿಲರೇಟರ್ ಒತ್ತಿದೆ. ಡ್ಯಾಶ್‌ಬೋರ್ಡಿನ ಕೆಳಗಿಂದ ಹೊಗೆ ಬಂತು. ರಬ್ಬರು, ಮೇಣ ಎರಡೂ ಸುಡುವ ವಾಸನೆ. ನಾನು ಕೀ ತಿರುಗಿಸುವುದನ್ನೂ ಮರೆತು ಕೆಳಗೆ ಹಾರಿ ದೂರ ನಿಂತೆ.

ಓಡಿ ಬಂದವರು ಅತ್ತಿಗೆ. ಎಪ್ಪತ್ತು ದಾಟಿದ ಹೆಂಗಸು. ಒಳಗೆ ಕೈ ಹಾಕಿ ಕೀ ಆಫ್ ಮಾಡಿ, ಬಾನೆಟ್ ಎತ್ತಿ, ಹೊಗೆಯೊಳಗೆ ತಡಕಾಡಿ ಬಾಡಿಯ ಪಟ್ಟಿಯನ್ನು ಬ್ಯಾಟರಿಯಿಂದ ಕಿತ್ತು ಎಸೆದರು. ಕಿತ್ತಾಗ ಬಲಗೈಯ ಎರಡು ಬೆರಳು ಸುಟ್ಟವು. ಹೊಗೆ ನಿಂತಾಗ, ಮೂರೂವರೆ ತಿಂಗಳು ಕಟ್ಟಿದ್ದು ಕರಿಯ ಹುರಿಯ ಹಾಗೆ ಜೋತಾಡುತ್ತಿತ್ತು.

ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಆಗ ನನ್ನ ಬಾಯಿಂದ ಬಂದ ಮಾತು ಇದು: “ಹೆಂಗಸರ ಕೈಗೆ ವೈರಿಂಗ್ ಕೊಟ್ಟಿದ್ದು ನನ್ನ ತಪ್ಪು. ಎಲ್ಲೋ ತಪ್ಪು ಕಟ್ಟಿದ್ದಾರೆ.”

ಗೆಳತಿಯರಲ್ಲಿ ಒಬ್ಬರು ವಾತಾವರಣ ತಿಳಿಯಾಗಲಿ ಅಂತಲೋ ಏನೋ, “ಏನೇ, ನಮ್ಮ ಸೆಕ್ಷನ್ ಹೆಸರು ಕೆಡಿಸ್ಬಿಟ್ಯಲ್ಲೇ,” ಅಂದು ನಗಲು ನೋಡಿದರು. ಅತ್ತಿಗೆ ಸುಟ್ಟ ಬೆರಳನ್ನು ಸೆರಗಿನಲ್ಲಿ ಹಿಡಿದುಕೊಂಡು, “ಎಲ್ಲೋ ತಪ್ಪಾಗಿರ್ಬೇಕು,” ಅಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಜಗಳವಾಡಿ ಅವತ್ತೇ ಸತ್ಯ ಹೊರಗೆ ಬರುತ್ತಿತ್ತೇನೋ.

ಎಲ್ಲರೂ ಹೊರಟ ಮೇಲೆ, ದೀಪ ಹಚ್ಚುವ ಹೊತ್ತಿಗೆ, ನಾನು ಒಬ್ಬನೇ ಕೊಟ್ಟಿಗೆಗೆ ಹೋದೆ. ಬ್ಯಾಟರಿಯನ್ನೇ ನೋಡುತ್ತಾ ನಿಂತೆ. ಎಟುಕದ ಪಟ್ಟಿ, ಉಲ್ಟಾ ವಾಲಿದ ಮುಳ್ಳು, ಅತ್ತಿಗೆ ಹೇಳಿದ ಮಾತು, ಎಲ್ಲ ಒಟ್ಟಿಗೆ ತಲೆಗೆ ಬಂತು. ಮಾರನೆಯ ದಿನ ಚಾಚಾ ಬಂದು ನೋಡುವವರಿದ್ದರು. ನಾನು ಸ್ಪ್ಯಾನರ್ ತಗೊಂಡು, ಉಳಿದ ವೈರನ್ನೂ ಬಿಚ್ಚಿ, ಬ್ಯಾಟರಿಯನ್ನು ಸರಿಯಾದ ಕಡೆಗೆ ತಿರುಗಿಸಿ ಇಟ್ಟೆ. ಪ್ಲಸ್ಸಿಗೆ ಬಾಡಿಯ ಪಟ್ಟಿ ಹಾಕಿ ಬಿಗಿ ಮಾಡಿದೆ. ಈಗ ಯಾರು ನೋಡಿದರೂ ಬ್ಯಾಟರಿ ಸರಿ, ತಪ್ಪು ವೈರಿಂಗಿನದು. ಬೆಳಗಿನದು ಗೊತ್ತಿಲ್ಲದೆ ಮಾಡಿದ್ದು. ಇದು ಗೊತ್ತಿದ್ದೇ ಮಾಡಿದ್ದು.

ಚಾಚಾ ಬಂದರು. ಅತ್ತಿಗೆ ಬೆರಳಿಗೆ ಬಟ್ಟೆ ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂತಿದ್ದವರು, ಟೀ ಮಾಡಲು ಒಳಗೆ ಹೋದರು. ಚಾಚಾ ಸುಟ್ಟ ಕಟ್ಟನ್ನು ಮೂಸಿ ನೋಡಿದರು, ಡೈನಮೋ ಪಕ್ಕದ ಕಟೌಟಿನ, ಅಂದರೆ ಕರೆಂಟ್ ಕೂಡಿಸಿ ಬಿಡಿಸುವ ಡಬ್ಬಿಯ, ಮುಚ್ಚಳ ತೆಗೆದರು. ಒಳಗಿನ ಪಾಯಿಂಟುಗಳು ಕರಗಿ ಅಂಟಿಕೊಂಡಿದ್ದವು. ಆಮೇಲೆ ಬ್ಯಾಟರಿಯ ಹತ್ತಿರ ಬಗ್ಗಿದವರು ಹಾಗೇ ನಿಂತರು. ಬ್ಯಾಟರಿಗೂ ಅದರ ಹಿಂದಿನ ತಗಡಿನ ಗೋಡೆಗೂ ನಡುವೆ ಕೈ ಹಾಕಿ ಸವರಿ, ಬೆರಳನ್ನು ನನ್ನ ಮುಂದೆ ಹಿಡಿದರು. ಬೆರಳೆಲ್ಲ ಕುಂಕುಮ.

“ನಿಮ್ಮೋರು ಪೂಜೆ ಮಾಡಿದ್ದು ಎಷ್ಟೋ ಗಾಡಿ ನೋಡಿದ್ದೀನಿ ಸಾಬ್,” ಅಂದರು ತಗ್ಗಿದ ದನಿಯಲ್ಲಿ. “ಕುಂಕುಮಾನ ಗೋಡೆ ಕಡೆ ತಿರುಗಿಸಿ ಇಟ್ಟಿದ್ದು ಇದೇ ಮೊದಲ ಸಲ.”

ಹೆಂಡತಿ ಇಟ್ಟ ಕುಂಕುಮವನ್ನು ನಾನು ಒರೆಸುವುದು ಹೇಗೆ ಅಂತ ಹಿಂದಿನ ಸಂಜೆ ಕೈ ಬಂದಿರಲಿಲ್ಲ. ಒಳಗಡೆಗೆ ಹೋಯಿತಲ್ಲ, ಯಾರಿಗೆ ಕಾಣುತ್ತದೆ ಅಂತ ಬಿಟ್ಟಿದ್ದೆ.

“ಡೈನಮೋ ಒಂದು ಕಡೆ ನೂಕಿದೆ, ಬ್ಯಾಟರಿ ಇನ್ನೊಂದು ಕಡೆ ನೂಕಿದೆ. ಮಧ್ಯ ಸಿಕ್ಕಿದ ವೈರು ಏನು ಮಾಡುತ್ತೆ, ಸುಡುತ್ತೆ. ಅಮ್ಮ ಕಟ್ಟಿದ್ರಲ್ಲಿ ಏನೂ ತಪ್ಪಿಲ್ಲ. ಇಷ್ಟು ಸಾಫ್ ಕೆಲಸ ನನ್ನ ಕೈಯಲ್ಲೂ ಆಗಲ್ಲ. ನೀವೇ ಅವರಿಗೆ ಹೇಳ್ಬಿಡಿ. ನಾನು ಹೇಳಿದ್ರೆ ನಿಮ್ಮ ಮರ್ಯಾದೆ ಹೋಗುತ್ತೆ. ನೀವು ಹೇಳಿದ್ರೆ ಉಳಿಯುತ್ತೆ.”

ಅತ್ತಿಗೆ ಎಡಗೈಯಲ್ಲಿ ಟೀ ಲೋಟ ಹಿಡಿದು ಬಂದರು. “ಎಲ್ಲಿ ತಪ್ಪಾಗಿತ್ತು ಚಾಚಾ?”

ಚಾಚಾ ನನ್ನ ಕಡೆ ನೋಡಿದರು. ನಾನು ಲೋಟದ ಕಡೆ ನೋಡಿದೆ. ಅವರು ಅತ್ತಿಗೆಯ ಕಡೆ ತಿರುಗಿ, “ನಿಮ್ಮ ಕೈ ತಪ್ಪಲ್ಲಮ್ಮಾ,” ಅಂದರು. ಅತ್ತಿಗೆ ಅದನ್ನು ಸಮಾಧಾನದ ಮಾತು ಅಂದುಕೊಂಡರು.

ಆಮೇಲಿನ ವಾರಗಳೇ ನನ್ನನ್ನು ಈಗಲೂ ತಿನ್ನುವುದು. ಅತ್ತಿಗೆ ಸುಟ್ಟ ಕಟ್ಟನ್ನು ಬಿಸಾಡಲು ಬಿಡಲಿಲ್ಲ. ಅದನ್ನು ಅದೇ ಹಲಗೆಯ ಮೇಲೆ, ಅದೇ ಮೊಳೆಗಳ ನಡುವೆ ಮತ್ತೆ ಹರಡಿ, ಭೂತಗನ್ನಡಿ ಹಿಡಿದು ಒಂದೊಂದೇ ವೈರು ಬಿಡಿಸಿ ತಪ್ಪು ಹುಡುಕುತ್ತಾ ಕೂತರು. ನಾನು ಹೋದಾಗಲೆಲ್ಲ, “ಕಾಯಿಲ್ ಕಡೆ ಸರಿಯಾಗಿದೆ ಕಣಪ್ಪಾ, ಹಾರ್ನ್ ಕಡೆಯೂ ಸರಿಯಾಗಿದೆ. ಎಲ್ಲಿ ಅಂತಾನೇ ಗೊತ್ತಾಗ್ತಿಲ್ಲ,” ಅನ್ನುತ್ತಿದ್ದರು. ಇಲ್ಲದ ತಪ್ಪನ್ನು ಹುಡುಕುತ್ತಿದ್ದಾರೆ ಅಂತ ಗೊತ್ತಿದ್ದೂ, “ಬಿಡಿ ಅತ್ತಿಗೆ, ಆಗಿದ್ದಾಯ್ತು,” ಅಂತ ದೊಡ್ಡತನ ತೋರಿಸುತ್ತಿದ್ದೆ. ಒಂದು ದಿನ ಹೋದರೆ ಹಲಗೆ ಇರಲಿಲ್ಲ. ಮೊಳೆಗಳನ್ನೆಲ್ಲ ಕಿತ್ತು, ಹಲಗೆಯನ್ನು ನೀರಿನ ತೊಟ್ಟಿಗೆ ಮುಚ್ಚಳ ಮಾಡಿದ್ದರು.

ಚಾಚಾ ಹೊಸ ವೈರಿಂಗ್ ಹಾಕಿದರು, ಟೇಪ್ ಸುತ್ತಿದ್ದು. ಹಿಂದಿನ ದೀಪದ ಕಡೆಗೆ ಹೋಗುವ ಒಂದು ಮೊಳದಷ್ಟು ಭಾಗ ಸುಡದೆ ಉಳಿದಿತ್ತು. ಅದನ್ನು ಮಾತ್ರ, “ಇದನ್ನ ನಾನು ಮುಟ್ಟಲ್ಲ,” ಅಂತ ಹಾಗೇ ಬಿಟ್ಟರು. ಕೊನೆಯಲ್ಲಿ ಪ್ಲಗ್ಗಿನ ವೈರು ಕಿತ್ತು, ವೈರಿಗೂ ಪ್ಲಗ್ಗಿಗೂ ನಡುವೆ ಒಂದು ಪೆನ್ಸಿಲ್ ಮೊನೆ ಹಿಡಿದು ಕಿಡಿ ತೋರಿಸಿದರು. ಪೆನ್ಸಿಲ್ಲಿನಿಂದ ಪ್ಲಗ್ಗಿನ ಕಡೆಗೆ ಕೇಸರಿ ಬಣ್ಣದ ಉರಿ ಚಿಮ್ಮಿದರೆ ಕಾಯಿಲ್ ಸರಿಯಾಗಿ ಕೂತಿದೆ, ವೈರಿನ ಕಡೆಗೆ ಚಿಮ್ಮಿದರೆ ಉಲ್ಟಾ. “ಉಲ್ಟಾ ಇದ್ದರೂ ಕಿಡಿ ಬರುತ್ತೆ ಸಾಬ್. ಗಾಡೀನೂ ಓಡುತ್ತೆ. ಏರು ಬಂದಾಗ ಗೊತ್ತಾಗುತ್ತೆ,” ಅಂದರು. ಹೊರಡುವಾಗ ಮೆಲ್ಲಗೆ, “ಅಮ್ಮನಿಗೆ ಹೇಳಿದ್ರಾ?” ಅಂತ ಕೇಳಿದರು. ಹೇಳುತ್ತೇನೆ ಅಂದೆ. ಮುಂದಿನ ಸಲ ಸಿಕ್ಕಾಗಲೂ ಕೇಳಿದರು. ಆಮೇಲೆ ನಾನು ಶಿವಾಜಿನಗರದ ಕಡೆಗೆ ಹೋಗುವುದನ್ನೇ ಬಿಟ್ಟೆ.

ಕಾರು ಸರಿಯಾದ ಮೇಲೆ ಅತ್ತಿಗೆಯನ್ನು ಕರೆದೆ. “ಬನ್ನಿ, ಫ್ಯಾಕ್ಟರಿ ಗೇಟ್‌ವರೆಗೆ ಹೋಗಿ ಬರೋಣ.”

“ನೀನು ಹೋಗ್ಬಾ. ನನ್ನ ಕೈ ತಾಗಿದ್ದಕ್ಕೇ ಸುಟ್ಟೋಯ್ತು. ನಾನು ಕೂತರೆ ಇನ್ನೇನಾಗುತ್ತೋ,” ಅಂದು ನಕ್ಕರು. ಅವರು ಇವತ್ತಿನವರೆಗೂ ಆ ಕಾರಿನಲ್ಲಿ ಕೂತಿಲ್ಲ. ಆ ಗೆಳತಿಯರನ್ನು ಮನೆಗೆ ಕರೆದೂ ಇಲ್ಲ. ಅವರ ಮನೆಗಳ ಮದುವೆ, ಗೃಹಪ್ರವೇಶಕ್ಕೆ ಕರೆದರೆ ಮಂಡಿನೋವು ಅನ್ನುತ್ತಾರೆ. ಮಂಡಿನೋವಿನವರು ದಿನಾ ಹಲಸೂರು ಮಾರ್ಕೆಟ್ಟಿಗೆ ನಡೆದುಕೊಂಡು ಹೋಗಿ ಬರುವುದನ್ನು ನಾನು ನೋಡಿದ್ದೇನೆ.

ಕಾರು ಇನ್ನೂ ಅವರ ಕೊಟ್ಟಿಗೆಯಲ್ಲೇ ಇದೆ. ಪ್ರತಿ ಭಾನುವಾರ ನಾನು ತಿಪ್ಪಸಂದ್ರದಿಂದ ಹೋಗಿ ಸ್ಟಾರ್ಟ್ ಮಾಡಿ, ಇಂದಿರಾನಗರದ ತನಕ ಒಂದು ಸುತ್ತು ಓಡಿಸಿ ತಂದು ನಿಲ್ಲಿಸುತ್ತೇನೆ. ಅವರು ಕಾಫಿ ಕೊಡುತ್ತಾರೆ. ಚಾಚಾ ತೀರಿಕೊಂಡು ಎರಡು ವರ್ಷವಾಯಿತು ಅಂತ ತಡವಾಗಿ ತಿಳಿದು, ಅವರ ಅಂಗಡಿಯ ಮುಂದೆ ಹೋಗಿ ನಿಂತು ಬಂದೆ. ಬಾಗಿಲು ಹಾಕಿತ್ತು. ನಿಜ ಏನು ಅಂತ ಗೊತ್ತಿರುವವನು ಈಗ ನಾನೊಬ್ಬನೇ. ನಾನೂ ಹೋದರೆ, ಆ ಹೆಂಗಸು ತನ್ನ ಕೈ ತಪ್ಪು ಮಾಡಿತು ಅಂತ ನಂಬಿಕೊಂಡೇ ಹೋಗುತ್ತಾರೆ.

ಹೋದ ಭಾನುವಾರ ಬ್ಯಾಟರಿ ಸತ್ತಿತ್ತು. ಅಂಗಡಿಯವನೊಬ್ಬ ಹೊಸದು ತಂದು ಕೂರಿಸಲು ಬಂದ. ಅವನು ಅಭ್ಯಾಸದಂತೆ ಬ್ಯಾಟರಿ ತಿರುಗಿಸಿ, ಮೈನಸ್ಸಿಗೆ ಬಾಡಿಯ ಪಟ್ಟಿ ಹಾಕಲು ಹೊರಟ.

“ಏಯ್, ಬೇಡ! ಇದಕ್ಕೆ ಪ್ಲಸ್ಸು ಬಾಡಿ ಕಡೆ,” ಅಂತ ಕೂಗಿಕೊಂಡೆ.

“ಏನಂಕಲ್, ನಾನು ದಿನಕ್ಕೆ ಹತ್ತು ಹಾಕ್ತೀನಿ. ಯಾರು ಹೇಳಿದ್ದು ನಿಮಗೆ?”

ಅತ್ತಿಗೆ ಕಾಫಿ ಲೋಟ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಆರು ವರ್ಷದಲ್ಲಿ ಇಷ್ಟು ಸುಲಭದ ದಾರಿ ಸಿಕ್ಕಿರಲಿಲ್ಲ. ಎರಡೇ ಪದ ಸಾಕಿತ್ತು. ನಾನು, “ಯಾರು ಹೇಳ್ಬೇಕಯ್ಯಾ, ನನಗೇ ಗೊತ್ತು,” ಅಂದೆ.

ಅವನು ಭುಜ ಕುಣಿಸಿ, ನಾನು ಹೇಳಿದ ಹಾಗೇ ಹಾಕಿ ಹೋದ. ಅತ್ತಿಗೆ ಲೋಟ ಕೊಡುತ್ತಾ, ಬ್ಯಾಟರಿಯ ಕಡೆ ನೋಡುತ್ತಾ ಕೇಳಿದರು: “ಅವತ್ತೂ ಹೀಗೇ ಹಾಕಿದ್ದೆ ತಾನೇ?”

“ಹೂಂ, ಅತ್ತಿಗೆ.”

“ಹಾಗಾದ್ರೆ ನಂದೇ ಎಲ್ಲೋ,” ಅಂದು, ಬಲಗೈಯ ಆ ಎರಡು ಬೆರಳುಗಳನ್ನು ಹೆಬ್ಬೆರಳಿನಿಂದ ಉಜ್ಜಿಕೊಂಡು ಒಳಗೆ ಹೋದರು.

ಮನೆಗೆ ಬಂದು ಈ ಕಾಗದ ಹಿಡಿದು ಕೂತೆ. ಬಾಯಲ್ಲಿ ಹೇಳುವ ಧೈರ್ಯ ನನಗೆ ಬರುವುದಿಲ್ಲ ಅಂತ ಈಗ ಗೊತ್ತಾಗಿದೆ. ಅದಕ್ಕೇ ಅವರು ಓದಲಿ, ಅವರ ಸೆಕ್ಷನ್ನಿನ ಆ ಮೂವರೂ ಓದಲಿ ಅಂತ ಬರೆಯುತ್ತಿದ್ದೇನೆ. ಅವತ್ತು ಬ್ಯಾಟರಿ ಉಲ್ಟಾ ಇಟ್ಟವನು ನಾನು. ಸಂಜೆ ಕದ್ದು ತಿರುಗಿಸಿ ಇಟ್ಟವನೂ ನಾನೇ. ಆ ಕಟ್ಟಿನಲ್ಲಿ ಒಂದು ಗಂಟೂ ತಪ್ಪಿರಲಿಲ್ಲ.

ನಮ್ಮ ಮನೆಯಲ್ಲಿ ದೊಡ್ಡವರ ಹೆಸರು ಹಿಡಿದು ಕರೆಯುವ ಪದ್ಧತಿ ಇಲ್ಲ. ಆದ್ದರಿಂದ ಆ ಬ್ಯಾಟರಿಯವನಿಗೆ ಕೊಡಬೇಕಾಗಿದ್ದ ಉತ್ತರವನ್ನು ನಾನು ಕರೆಯುವ ಹಾಗೇ ಇಲ್ಲಿ ಬರೆಯುತ್ತೇನೆ. ಪ್ಲಸ್ಸು ಬಾಡಿ ಕಡೆ ಹೋಗುತ್ತೆ ಅಂತ ನನಗೆ ಹೇಳಿದವರು, ನಾನು ಇದುವರೆಗೂ ಯಾರಿಗೆ ತಪ್ಪಾಯಿತು ಅನ್ನದೇ ಉಳಿದೆನೋ ಅವರು, ಟೆಲಿಫೋನ್ ಕಾರ್ಖಾನೆಯ ವೈರಿಂಗ್ ಸೆಕ್ಷನ್ನಿನವರು, ನನ್ನ ಅಣ್ಣನ ಹೆಂಡತಿ, ನನ್ನ ಅತ್ತಿಗೆ.